ಮುಕುರ್ತಿಯ ಮೋಡದ ಕಾಡಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈರೋಡ್ ಜಿಲ್ಲೆಯ ನಮ್ಮ ತಾಳವಾಡಿ ಕಡೆಯವರಿಗೆ ಊಟಿ ಹೊಸದಲ್ಲ. ಮದುವೆ ಆದವರು ಹೋಗುತ್ತಾರೆ, ಶಾಲೆ ಮಕ್ಕಳು ಹೋಗುತ್ತಾರೆ, ಕ್ಯಾರೆಟ್ ಬೀನ್ಸ್ ಲೋಡ್ ಜೊತೆಗೂ ಹೋಗುತ್ತಾರೆ. ಈಗೀಗ ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್ ಸಾಕು, ಮುಕುರ್ತಿ ನೋಡಬೇಕು ಅನ್ನುವವರು ಜಾಸ್ತಿ ಆಗಿದ್ದಾರೆ. ಹೊಸೂರಿನಿಂದ, ಗುಂಡ್ಲುಪೇಟೆಯಿಂದ, ಕಾಸರಗೋಡಿನಿಂದ ಕೇಳುವವರೂ ಇದ್ದಾರೆ. ಎಲ್ಲರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮುಕುರ್ತಿ ರಾಷ್ಟ್ರೀಯ ಉದ್ಯಾನ ಎಲ್ಲಿದೆ?

ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ, ಬೆಟ್ಟದ ಮೇಲಿನ ಬಯಲಿನ ನೈಋತ್ಯ ಮೂಲೆಯಲ್ಲಿ. ವಿಸ್ತೀರ್ಣ 78.46 ಚದರ ಕಿ.ಮೀ. ಅಷ್ಟೇ, ಬಂಡೀಪುರದ ಮುಂದೆ ತುಂಬಾ ಚಿಕ್ಕದು. ಪಶ್ಚಿಮಕ್ಕೆ ಬೆಟ್ಟ ಥಟ್ಟನೆ ಕಡಿದು ಕೇರಳದ ಕಡೆ ಇಳಿಯುತ್ತದೆ. ಆ ಕೆಳಗಿನ ಕಾಡಿನ ಒಂದು ಭಾಗವೇ ಸೈಲೆಂಟ್ ವ್ಯಾಲಿ. ಮುಕುರ್ತಿ ಶಿಖರ 2,554 ಮೀಟರ್ ಎತ್ತರ. ಉದ್ಯಾನದೊಳಗಿನ ಕೋಲಾರಿಬೆಟ್ಟ ಇನ್ನೂ ಎತ್ತರ, 2,629 ಮೀಟರ್. ನೀಲಗಿರಿಯಲ್ಲೇ ಅತಿ ಎತ್ತರದ ದೊಡ್ಡಬೆಟ್ಟ ಇದಕ್ಕಿಂತ 8 ಮೀಟರ್ ಮಾತ್ರ ಹೆಚ್ಚು.

1982ರಲ್ಲಿ ಇದನ್ನು ಅಭಯಾರಣ್ಯ ಮಾಡಿದರು, 1990ರಲ್ಲಿ ರಾಷ್ಟ್ರೀಯ ಉದ್ಯಾನ. ಮೊದಲು ನೀಲಗಿರಿ ಥಾರ್ ರಾಷ್ಟ್ರೀಯ ಉದ್ಯಾನ ಅಂತಲೇ ಕರೆಯುತ್ತಿದ್ದರು, ಯಾಕೆಂದರೆ ಆ ಕಾಡುಮೇಕೆಗಾಗಿಯೇ ಇದು ಹುಟ್ಟಿದ್ದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಮುಕುರ್ತಿಯೂ ಸೇರಿತು.

ಮೋಡದ ಕಾಡು ಅಂದರೆ ಏನು? ಆಗುಂಬೆಯಂಥ ಮಳೆಕಾಡೇ ಅಲ್ವಾ?

ಅಲ್ಲ. ಆಗುಂಬೆಯಲ್ಲಿ ಮರ ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಮರ ಕುಳ್ಳ. ಕೊಂಬೆ ಸೊಟ್ಟ, ಎಲೆ ಚಿಕ್ಕದು ಮತ್ತು ದಪ್ಪ, ಕಾಂಡದ ತುಂಬ ಪಾಚಿ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮದ ಕಡಿದಾದ ಗೋಡೆಗೆ ಬಡಿದು ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ಮೋಡ ಆಗುತ್ತದೆ. ಆ ಮೋಡ ಕಾಡಿನ ಮೇಲೆ ಹಾದುಹೋಗುವುದಿಲ್ಲ, ಕಾಡಿನ ಒಳಗೇ ನುಗ್ಗುತ್ತದೆ. ಎಲೆ, ಪಾಚಿ, ಕಲ್ಲುಹೂವು ಅದರಿಂದ ಹನಿ ಹನಿ ನೀರು ಹಿಡಿದು ಕೆಳಗೆ ಬಿಡುತ್ತವೆ. ಮಳೆ ಬರದ ದಿನವೂ ಮರದ ಕೆಳಗೆ ನಿಂತರೆ ತೊಟ್ಟಿಕ್ಕುತ್ತದೆ.

ಇಂಥ ಕಾಡಿಗೆ ಇಲ್ಲಿ ಶೋಲಾ ಅನ್ನುತ್ತಾರೆ. ಹೊಸ ಚಿಗುರು ಬರುವ ಹೊತ್ತಿನಲ್ಲಿ ಹೋದರೆ ಇಡೀ ಶೋಲಾ ಕೆಂಪು, ಕಂದು, ತಿಳಿಹಸಿರು. ಎತ್ತರದಲ್ಲಿ ಬಿಸಿಲು ಚುರುಕು, ಎಳೆ ಎಲೆಗೆ ಆ ಕೆಂಪು ಬಣ್ಣವೇ ರಕ್ಷಣೆ. ಹುಲ್ಲಿನ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತು ಕೆಂಪು ಹೂ ಬಿಡುವ ಮರ ರೋಡೊಡೆಂಡ್ರಾನ್. ಹಿಮಾಲಯದಲ್ಲಿ ಅದರ ನೆಂಟರಿದ್ದಾರೆ. ನಡುವಿನ ಬಯಲುನಾಡಿನಲ್ಲಿ ಎಲ್ಲೂ ಇಲ್ಲ.

ಫೋಟೋದಲ್ಲಿ ಬರೀ ಹುಲ್ಲು ಕಾಣುತ್ತದೆ. ಕಾಡು ಕಡಿದುಬಿಟ್ಟಿದ್ದಾರಾ?

ಇಲ್ಲ. ಅದು ಹಾಗೆಯೇ ಇರಬೇಕಾದದ್ದು. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಕಾಡು. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುತ್ತದೆ. ಬಯಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಶೋಲಾ ಮರದ ಸಸಿ ಅದಕ್ಕೆ ಸುಟ್ಟುಹೋಗುತ್ತದೆ, ಹುಲ್ಲು ತಡೆದುಕೊಳ್ಳುತ್ತದೆ. ಬೇಸಗೆಯ ಬೆಂಕಿಯಲ್ಲೂ ಗೆಲ್ಲುವುದು ಹುಲ್ಲೇ. ಮಡಿಕೆಯಲ್ಲಿ ತೇವ, ಆಳದ ಮಣ್ಣು, ಗಾಳಿಗೆ ಮರೆ ಇರುವುದರಿಂದ ಅಲ್ಲಿ ಮರ ಉಳಿಯುತ್ತದೆ. ಊಟಿ ಹತ್ತಿರದ ಸ್ಯಾಂಡಿನಲ್ಲಾ ಎಂಬಲ್ಲಿನ ಜೌಗು ಮಣ್ಣನ್ನು ಅಗೆದು ಪರೀಕ್ಷಿಸಿದ ವಿಜ್ಞಾನಿಗಳಿಗೆ 20 ಸಾವಿರ ವರ್ಷಕ್ಕೂ ಹಿಂದಿನ ಹುಲ್ಲಿನ ಗುರುತು ಸಿಕ್ಕಿದೆ. ಮನುಷ್ಯ ಇಲ್ಲಿ ಕೊಡಲಿ ಎತ್ತುವ ಎಷ್ಟೋ ಮೊದಲು ಇದು ಹುಲ್ಲುಗಾವಲು.

ಬ್ರಿಟಿಷರಿಗೆ ಇದು ಬಂಜರು ಭೂಮಿಯಾಗಿ ಕಂಡಿತು. ವಾಟಲ್, ನೀಲಗಿರಿ ಮರ, ಪೈನ್ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಾವೂ ಅದನ್ನೇ ಮುಂದುವರಿಸಿದೆವು. ವಾಟಲ್ ತೊಗಟೆ ಚರ್ಮ ಹದ ಮಾಡಲು ಬೇಕಿತ್ತು, ನೀಲಗಿರಿ ಮರ ಸೌದೆಗೆ, ಕಾರ್ಖಾನೆಗೆ. ಈಗ ವಾಟಲ್ ಯಾರೂ ನೆಡದೆಯೇ ಹುಲ್ಲನ್ನು ನುಂಗುತ್ತಾ ಹೋಗುತ್ತಿದೆ. ಅರಣ್ಯ ಇಲಾಖೆ ಅದನ್ನು ಕಿತ್ತು ಹುಲ್ಲು ವಾಪಸ್ ತರುವ ಕೆಲಸ ಮಾಡುತ್ತಿದೆ. ಹಾಗಾಗಿ ಅಲ್ಲಿ ಮರ ಕಡಿದ ಜಾಗ ಕಂಡರೆ ತಕ್ಷಣ ವಿಡಿಯೋ ಮಾಡಿ 'ಕಾಡು ನಾಶ' ಅಂತ ಹಾಕಬೇಡಿ. ಮೊದಲು ಯಾವ ಮರ ಅಂತ ಕೇಳಿ.

ಬಂಡೀಪುರದ ಥರ ಸಫಾರಿ ಇದೆಯಾ?

ಇಲ್ಲ.

ಹಾಗಾದರೆ ಒಳಗೆ ಹೋಗುವುದು ಹೇಗೆ?

ಗಾಡಿ ಓಡಿಸಿಕೊಂಡು ಗೇಟಿಗೆ ಹೋಗಿ ಟಿಕೆಟ್ ತೆಗೆದುಕೊಳ್ಳುವ ಜಾಗ ಇದಲ್ಲ. ಉದ್ಯಾನದ ಬಹುಭಾಗ ಪ್ರವಾಸಿಗರಿಗೆ ಮುಚ್ಚಿದೆ. ಆಡಳಿತ ಮುದುಮಲೆ ಹುಲಿ ಸಂರಕ್ಷಿತ ಪ್ರದೇಶದ ಕೈಯಲ್ಲಿದೆ. ಸಂಶೋಧನೆಗೆ ಹೋಗುವವರಿಗೆ ಬೇರೆ ಅನುಮತಿ, ಅದರ ದಾರಿಯೇ ಬೇರೆ.

ನಮ್ಮಂಥವರಿಗೆ ಇರುವ ನೇರ ದಾರಿ 'ಟ್ರೆಕ್ ತಮಿಳುನಾಡು'. 2024ರ ಅಕ್ಟೋಬರ್‌ನಲ್ಲಿ ತಮಿಳುನಾಡು ಸರ್ಕಾರ ಇದನ್ನು ಶುರು ಮಾಡಿತು. ರಾಜ್ಯದಲ್ಲಿ 40 ಚಾರಣ ದಾರಿ, ಎಲ್ಲದಕ್ಕೂ ಆನ್‌ಲೈನ್ ಬುಕಿಂಗ್, ಜೊತೆಗೆ ಸ್ಥಳೀಯ ಮಾರ್ಗದರ್ಶಿ. ನೀಲಗಿರಿಯ ದಾರಿಗಳಲ್ಲಿ ಪಾರ್ಸನ್ಸ್ ವ್ಯಾಲಿಯಿಂದ ಮುಕುರ್ತಿ ಹಟ್ ಕಡೆಗೆ ಹೋಗುವುದು ಒಂದು, ಅವಲಾಂಚಿಯಿಂದ ಕೋಲಾರಿಬೆಟ್ಟದ ಕಡೆ ಇನ್ನೊಂದು. ಎರಡೂ ಸುಲಭದ ನಡಿಗೆ ಅಲ್ಲ. ಬೇಸಗೆಯ ಬೆಂಕಿ ಕಾಲದಲ್ಲಿ ಚಾರಣ ಮುಚ್ಚುತ್ತಾರೆ. ಜೋರು ಮಳೆಯಲ್ಲೂ ಬಿಡುವುದಿಲ್ಲ. ಆದ್ದರಿಂದ ಮೊದಲು ಬುಕಿಂಗ್, ಆಮೇಲೆ ರಜೆ, ಆಮೇಲೆ ರೂಮು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

'ನಮಗೆ ಗೊತ್ತಿರುವವರಿದ್ದಾರೆ, ಹಿಂದಿನ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇವೆ' ಅನ್ನುವವರು ಊಟಿಯಲ್ಲಿ ಸಿಗುತ್ತಾರೆ. ಹೋಗಬೇಡಿ. ಅದು ವನ್ಯಜೀವಿ ಕಾಯ್ದೆಯ ಕೇಸು. ಕಾನೂನು ಬಿಡಿ, ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನ ಬಂಡೆ ಕಾಣುವುದಿಲ್ಲ. ಪಶ್ಚಿಮದ ಅಂಚು ಎಲ್ಲಿ ಮುಗಿಯುತ್ತದೆ ಅಂತ ಅಲ್ಲಿ ಹುಟ್ಟಿ ಬೆಳೆದವರಿಗೇ ಗೊತ್ತು.

ಬುಕಿಂಗ್ ಸಿಗಲಿಲ್ಲ. ಬಂದದ್ದು ವ್ಯರ್ಥವಾ?

ಖಂಡಿತ ಅಲ್ಲ. ನನ್ನನ್ನು ಕೇಳಿದರೆ ಮೊದಲ ಸಲ ಬರುವವರು ಮುಕುರ್ತಿಯ ಹಠ ಬಿಟ್ಟು ಕೋತಗಿರಿಯ ಲಾಂಗ್‌ವುಡ್ ಶೋಲಾಕ್ಕೆ ಹೋಗಬೇಕು. ಸುಮಾರು 116 ಹೆಕ್ಟೇರ್. ಊರಿಗೆ ಅಂಟಿಕೊಂಡೇ ಇದೆ. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಇದರಿಂದಲೇ. 2024ರಲ್ಲಿ ಇದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಮುಖ್ಯವಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಜಾಗ, ಸಿಕ್ಕಿತು. ಮೋಡದ ಕಾಡಿನ ಒಳಗೆ ನಿಲ್ಲುವುದು ಅಂದರೆ ಏನು ಅಂತ ತಿಳಿಯಲು ಇಷ್ಟು ಸಾಕು. ಮುಕುರ್ತಿಯ ದಾರಿಯಲ್ಲಿ ನೀವು ಹೆಚ್ಚಾಗಿ ಹುಲ್ಲಿನ ಮೇಲೆ ನಡೆಯುತ್ತೀರಿ, ಶೋಲಾ ದೂರದಿಂದ ಕಾಣುತ್ತದೆ. ಲಾಂಗ್‌ವುಡ್‌ನಲ್ಲಿ ನೀವು ಅದರ ಹೊಟ್ಟೆಯೊಳಗೇ ಇರುತ್ತೀರಿ.

ಎರಡನೆಯದು ಅವಲಾಂಚಿ. ಊಟಿಯಿಂದ ಸುಮಾರು 25 ಕಿ.ಮೀ. ಅಲ್ಲಿಂದ ಅರಣ್ಯ ಇಲಾಖೆಯ ಗಾಡಿಯಲ್ಲಿ ಕಾಡಿನೊಳಗೆ ಒಂದಷ್ಟು ದೂರ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಗಾಡಿ ಒಳಗೆ ಬಿಡುವುದಿಲ್ಲ. ಕೆರೆ, ಶೋಲಾ, ಹುಲ್ಲು ಮೂರೂ ಕಾಣುತ್ತದೆ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಮೀನಿನ ಮರಿ ಬೆಳೆಸುವ ಹಳೆಯ ಕೇಂದ್ರವೂ ಅಲ್ಲಿದೆ.

ಸಮಯ ಕಡಿಮೆ ಇದ್ದವರಿಗೆ ಊಟಿಯ ಪಕ್ಕದ ಕೇರ್ನ್ ಹಿಲ್. ಅಲ್ಲಿ ನೆಟ್ಟ ಸೈಪ್ರೆಸ್ ಮರವೂ ಇದೆ, ಶೋಲಾ ತುಂಡೂ ಇದೆ. ಎರಡರ ಕೆಳಗೂ ನಿಂತು ನೆಲ ನೋಡಿ. ಒಂದರ ಬುಡದಲ್ಲಿ ಒಣ ಸೂಜಿ ಎಲೆ, ಇನ್ನೊಂದರ ಬುಡದಲ್ಲಿ ಹತ್ತು ಥರದ ಗಿಡ.

ಥಾರ್ ಕಾಣುತ್ತದೆಯಾ?

ಕಾಣಬಹುದು. ದೂರದಲ್ಲಿ, ಬಂಡೆಯ ಅಂಚಿನಲ್ಲಿ, ಬೈನಾಕ್ಯುಲರ್ ಇದ್ದರೆ. ನೀಲಗಿರಿ ಥಾರ್ ತಮಿಳುನಾಡಿನ ರಾಜ್ಯ ಪ್ರಾಣಿ. ತಮಿಳಿನಲ್ಲಿ ವರೈಯಾಡು ಅನ್ನುತ್ತಾರೆ, ಮಾರ್ಗದರ್ಶಿಯನ್ನು ಕೇಳುವಾಗ ಅದೇ ಹೆಸರು ಹೇಳಿ. ಜಗತ್ತಿನಲ್ಲಿ ಇದು ಇರುವುದು ತಮಿಳುನಾಡು ಮತ್ತು ಕೇರಳದ ಘಟ್ಟದಲ್ಲಿ ಮಾತ್ರ. ಕರ್ನಾಟಕದಲ್ಲಿ ಇಲ್ಲ.

ಬೆಳಿಗ್ಗೆ ಮತ್ತು ಸಂಜೆ ಹುಲ್ಲಿಗೆ ಬರುತ್ತವೆ, ಮಧ್ಯಾಹ್ನ ಬಂಡೆಯ ಮೆಟ್ಟಿಲಲ್ಲಿ ಮಲಗಿ ಮೆಲುಕು ಹಾಕುತ್ತವೆ. ಹೆಣ್ಣು ಬೂದು ಬಣ್ಣ. ವಯಸ್ಸಾದ ಗಂಡು ಹೆಚ್ಚು ಕಡಿಮೆ ಕಪ್ಪು, ಬೆನ್ನಿನ ಮೇಲೆ ಬಿಳಿಚಿದ ಪಟ್ಟೆ. ಕೊಂಬು ಎರಡಕ್ಕೂ ಇರುತ್ತದೆ. ಹುಲಿಯೋ ಸೀಳುನಾಯಿಯೋ ಬಂದರೆ ಓಡುವುದು ಕಡಿದಾದ ಬಂಡೆಗೆ. ಅಲ್ಲಿಗೆ ಬೆನ್ನಟ್ಟಿ ಬರುವ ಧೈರ್ಯ ಯಾರಿಗೂ ಇಲ್ಲ. ಹುಲ್ಲು ಮತ್ತು ಬಂಡೆ ಪಕ್ಕಪಕ್ಕ ಇರಬೇಕು ಅನ್ನುವುದೇ ಇದರ ಕಷ್ಟ. ಹುಲ್ಲಿನ ಮೇಲೆ ವಾಟಲ್ ಬೆಳೆದರೆ ಬಂಡೆ ಇದ್ದೂ ಪ್ರಯೋಜನ ಇಲ್ಲ.

2022ರಲ್ಲಿ ತಮಿಳುನಾಡು ಥಾರ್‌ಗಾಗಿಯೇ ಒಂದು ಯೋಜನೆ ಘೋಷಿಸಿತು. 2024ರ ಗಣತಿಯಲ್ಲಿ ರಾಜ್ಯದಲ್ಲಿ 1,031 ಥಾರ್ ಸಿಕ್ಕಿದವು. ಮರಿ ಹಾಕುವ ಕಾಲ ಮುಖ್ಯವಾಗಿ ಜನವರಿ, ಫೆಬ್ರವರಿ. ಆಗ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಥಾರ್ ಹತ್ತಿರದಿಂದ ನೋಡಲೇಬೇಕು ಅಂದರೆ ಮುನ್ನಾರ್ ಹತ್ತಿರದ ಇರವಿಕುಲಂಗೆ ಹೋಗಿ. ಅಲ್ಲಿ ರಸ್ತೆ ಬದಿಯಲ್ಲೇ ಮೇಯುತ್ತವೆ. ಮರಿ ಹಾಕುವ ತಿಂಗಳುಗಳಲ್ಲಿ ಅದೂ ಮುಚ್ಚಿರುತ್ತದೆ.

ಹುಲಿ, ಆನೆ?

ಹುಲಿ ಇದೆ, ಇಷ್ಟು ಎತ್ತರದಲ್ಲೂ. ಚಿರತೆ, ಸೀಳುನಾಯಿ, ಕಡವೆ, ಕಾಡುಕುರಿ ಇವೆ. ಆನೆ ಕೆಲವು ಕಾಲದಲ್ಲಿ ಹತ್ತಿ ಬರುತ್ತದೆ. ಆದರೆ ಹುಲಿ ನೋಡಲು ಮುಕುರ್ತಿಗೆ ಬರುವುದು ದಡ್ಡತನ. ಹೆಜ್ಜೆ ಗುರುತು ಸಿಕ್ಕರೆ ಅದೃಷ್ಟ.

ನಿಜವಾಗಿ ಎಚ್ಚರ ಬೇಕಾದದ್ದು ಕಾಟಿ ವಿಷಯದಲ್ಲಿ, ಅದೂ ಕಾಡಿನಲ್ಲಿ ಅಲ್ಲ, ಊರಲ್ಲಿ. ಕೋತಗಿರಿ, ಕುನೂರಿನ ಚಹಾ ತೋಟದಲ್ಲಿ, ಮನೆ ಹಿತ್ತಿಲಲ್ಲಿ ಕಾಟಿ ನಿಂತಿರುತ್ತದೆ. ಹಸು ಥರ ಸುಮ್ನೆ ನೋಡುತ್ತಿರುತ್ತದೆ. ಸೆಲ್ಫಿಗೆ ಹತ್ತಿರ ಹೋಗಬೇಡಿ. ಕರಡಿಯೂ ಸಂಜೆ ಹೊತ್ತು ಹಳ್ಳಿಗೆ ಬರುತ್ತದೆ.

ಮತ್ತೆ ಏನು ನೋಡಬೇಕು?

ಹಕ್ಕಿ. ಬೆಟ್ಟದ ತುದಿಗಳು ಸಮುದ್ರದ ನಡುವಿನ ದ್ವೀಪಗಳಂತೆ ಒಂದಕ್ಕೊಂದು ದೂರ. ಇಲ್ಲಿ ಬೆಳೆದ ಜೀವಕ್ಕೆ ಕೆಳಗಿನ ಬಿಸಿ ಬಯಲು ದಾಟಲು ಆಗುವುದಿಲ್ಲ. ದಕ್ಷಿಣಕ್ಕೆ ಪಾಲಕ್ಕಾಡಿನ ಕಣಿವೆ ದೊಡ್ಡ ಅಡ್ಡಿ. ಆದ್ದರಿಂದ ಕಣಿವೆಯ ಈಚೆಗೆ ಒಂದು ಜಾತಿ, ಆಚೆಗೆ ಅದರ ತಮ್ಮನಂಥ ಇನ್ನೊಂದು ಜಾತಿ. ನೀಲಗಿರಿ ಲಾಫಿಂಗ್ ಥ್ರಷ್ ಈ ಬೆಟ್ಟ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ. ನೋಡುವ ಮೊದಲು ಕೇಳಿಸುತ್ತದೆ, ಗುಂಪಾಗಿ ನಗುವ ಸದ್ದು. ಊಟಿಯ ಹೋಟೆಲ್ ಬೇಲಿಯಲ್ಲೂ ಸಿಗುತ್ತದೆ, ಯಾರೂ ಗಮನಿಸುವುದಿಲ್ಲ ಅಷ್ಟೇ. ಶೋಲಾದ ಕತ್ತಲಲ್ಲಿ ನೆಲದ ಮೇಲೆ ಕುಪ್ಪಳಿಸುವ ನೀಲಿ ಹಕ್ಕಿ ನೀಲಗಿರಿ ರಾಬಿನ್, ಅದಕ್ಕೆ ಬಹಳ ಹೊತ್ತು ಅಲುಗಾಡದೆ ಕೂರಬೇಕು. ಕಪ್ಪು ಕಿತ್ತಳೆ ಬಣ್ಣದ ನೊಣಹಿಡುಕ ಅಷ್ಟು ನಾಚಿಕೆಯದಲ್ಲ. ಹುಲ್ಲಿನಲ್ಲಿ ನೀಲಗಿರಿ ಪಿಪಿಟ್.

ಮರದ ಮೇಲೆ ಕಪ್ಪು ಮೈ, ಕಂದು ತಲೆಯ ಮಂಗ ಕಂಡರೆ ಅದು ನೀಲಗಿರಿ ಲಂಗೂರ್. ಹಿಂದೆ ಔಷಧಿ ಅಂತ ಇದರ ಮಾಂಸಕ್ಕಾಗಿ ಬೇಟೆಯಾಡಿ ತುಂಬಾ ಕಡಿಮೆ ಮಾಡಿಬಿಟ್ಟಿದ್ದರು. ಮನುಷ್ಯನನ್ನು ಕಂಡರೆ ಈಗಲೂ ದೂರ ಹೋಗುತ್ತದೆ. ಹಳದಿ ಕುತ್ತಿಗೆಯ ನೀಲಗಿರಿ ಮಾರ್ಟೆನ್ ಕಂಡರೆ ಊರಿಗೆ ಬಂದು ಹೇಳಿ, ಯಾರೂ ನಂಬದಿದ್ದರೂ ಪರವಾಗಿಲ್ಲ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ. ಆಕಾಶ ಸ್ವಚ್ಛ, ಚಳಿ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ಈ ಮೂಲೆಗೆ ಕಾಲಿಡಬೇಡಿ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ನಮ್ಮ ತಾಳವಾಡಿಗೆ ಇಡೀ ವರ್ಷ ಬೀಳುವ ಮಳೆಯ ಲೆಕ್ಕಕ್ಕೆ ಹತ್ತಿರ ಅದು.

ನೀಲಕುರಿಂಜಿ ಹೂ ಯಾವಾಗ?

12 ವರ್ಷಕ್ಕೊಮ್ಮೆ. 2006, 2018ರಲ್ಲಿ ಬಂದ ಗುಂಪಿಗೆ ಮುಂದಿನದು 2030. ಮಧ್ಯದ ವರ್ಷಗಳಲ್ಲಿ 'ಕುರಿಂಜಿ ಅರಳಿದೆ' ಅಂತ ಬರುವ ಸುದ್ದಿ ಕೆಲವು ಸಲ ಸುಳ್ಳಲ್ಲ. ಕುರಿಂಜಿಯಲ್ಲಿ ಹಲವು ಜಾತಿ, ಬೇರೆ ಬೇರೆ ಲೆಕ್ಕ.

ದಾರಿ ಹೇಗೆ? ಇ-ಪಾಸ್ ಬೇಕಾ?

ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ಗಾಡಿಗಳಿಗೆ ಇ-ಪಾಸ್ ಬಂತು. 2025ರ ಬೇಸಗೆಯಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ಗಾಡಿ ಅಂತ ಮಿತಿಯೂ ಹಾಕಿದರು. ಹೊರಡುವ ಮೊದಲು ಮನೆಯಲ್ಲೇ ಮಾಡಿಕೊಳ್ಳಿ. ಗಡಿಯಲ್ಲಿ ನಿಂತು ನೆಟ್‌ವರ್ಕ್ ಹುಡುಕುವುದು ಯಾರಿಗೆ ಬೇಕು? ಸರ್ಕಾರಿ ಬಸ್ಸಿನಲ್ಲಿ ಬಂದರೆ ಈ ತಲೆನೋವಿಲ್ಲ.

ತಾಳವಾಡಿಯಿಂದ ಎರಡು ದಾರಿ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ಒಂದು. ದಿಂಬಂ ಇಳಿದು ಸತ್ಯಮಂಗಲ, ಮೇಟ್ಟುಪಾಳ್ಯಂ, ಕುನೂರು ಇನ್ನೊಂದು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧ ಇದೆ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯಲ್ಲಿ 36 ತಿರುವು, ಹತ್ತಬಹುದು. ಹೊರಗಿನ ಗಾಡಿಗಳನ್ನು ಅದರಲ್ಲಿ ಇಳಿಯಲು ಬಿಡುವುದಿಲ್ಲ, ಬ್ರೇಕ್ ಹೋಗಿ ಆದ ಅಪಘಾತಗಳು ಅಷ್ಟಿವೆ. ಇಳಿಯುವಾಗ ಗೂಡಲೂರು ಕಡೆಯಿಂದಲೇ ಬನ್ನಿ. ಕಾಸರಗೋಡಿನವರಿಗೆ ವಯನಾಡಿನ ಸುಲ್ತಾನ್ ಬತ್ತೇರಿ, ಗೂಡಲೂರು ದಾರಿ ಹತ್ತಿರ.

ನೀರಿನ ಬಾಟಲಿ ಕಿತ್ತುಕೊಳ್ಳುತ್ತಾರಂತೆ, ನಿಜವಾ?

ನಿಜ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಇಡೀ ಜಿಲ್ಲೆಯಲ್ಲಿ ನಿಷೇಧ. ಅಂಗಡಿಯ ಒಂದು, ಎರಡು ಲೀಟರ್ ಬಾಟಲಿಯೂ ಅದರಲ್ಲಿ ಸೇರಿದೆ. ಸ್ಟೀಲ್ ಬಾಟಲಿ ತನ್ನಿ, ತುಂಬಿಸಿಕೊಳ್ಳಲು ಅಲ್ಲಲ್ಲಿ ನೀರಿನ ಯಂತ್ರಗಳಿವೆ. ಚಕ್ಕುಲಿ, ನಿಪ್ಪಟ್ಟನ್ನೂ ಡಬ್ಬಿಗೆ ಹಾಕಿಕೊಂಡು ಬನ್ನಿ.

ಜಿಗಣೆ ಕಾಟ ಎಷ್ಟು?

ಮಳೆ ನಿಂತ ಮೇಲಿನ ವಾರಗಳಲ್ಲಿ ಜೋರು. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತುರುಕಿಕೊಳ್ಳಿ. ಕಚ್ಚಿದರೆ ಎಳೆಯಬೇಡಿ, ಉಗುರಿನಿಂದ ಬದಿಗೆ ಸರಿಸಿ. ಡಿಸೆಂಬರ್ ಒಣ ಚಳಿಯಲ್ಲಿ ಕಾಟ ಕಡಿಮೆ.

ಚಾರಣಕ್ಕೆ ಏನು ಹಾಕಿಕೊಳ್ಳಬೇಕು?

ಪದರ ಪದರವಾಗಿ ಬಟ್ಟೆ. ಬೆಳಿಗ್ಗೆ ಕೈ ಮರಗಟ್ಟುತ್ತದೆ, ಹತ್ತು ಗಂಟೆಗೆ ಬಿಸಿಲು ಸುಡುತ್ತದೆ, ಹನ್ನೊಂದಕ್ಕೆ ಮಂಜು. ಮಳೆ ಕೋಟು ಯಾವ ತಿಂಗಳಲ್ಲೂ ಬೇಕು. ಹಿಡಿತ ಇರುವ ಶೂ. ಸೆಂಟ್ ಬೇಡ, ಸ್ಪೀಕರ್ ಅಂತೂ ಬೇಡವೇ ಬೇಡ. ಡ್ರೋನ್ ಹಾರಿಸಿದರೆ ಕ್ಯಾಮೆರಾ ಸಮೇತ ಹೋಗುತ್ತದೆ.

ಮುಕುರ್ತಿ ದೇವರ ಬೆಟ್ಟವಂತೆ?

ಹೌದು, ನೀಲಗಿರಿಯಲ್ಲಿ ಎಮ್ಮೆ ಸಾಕಿಕೊಂಡು ಬಂದ ಬುಡಕಟ್ಟಿನವರಾದ ತೋಡರಿಗೆ. ಸತ್ತವರ ಆತ್ಮ, ಅವರ ಎಮ್ಮೆಗಳ ಆತ್ಮ ಪರಲೋಕಕ್ಕೆ ಹೊರಡುವುದು ಮುಕುರ್ತಿ ಶಿಖರದಿಂದ ಅನ್ನುವುದು ಅವರ ನಂಬಿಕೆ. ಊಟಿ ಸುತ್ತ ಅವರ ಮಂದ್‌ಗಳು, ಅಂದರೆ ಹಟ್ಟಿಗಳು, ಇವೆ, ಕಮಾನು ಆಕಾರದ ಗುಡಿಗಳಿವೆ. ಅದು ಜನ ವಾಸ ಮಾಡುವ ಜಾಗ. ಕೇಳದೆ ನುಗ್ಗಬೇಡಿ, ಗುಡಿಯ ಹತ್ತಿರ ಹೋಗಬೇಡಿ. ಏನಾದರೂ ಕೊಳ್ಳಬೇಕು ಅಂದರೆ ಕೆಂಪು ಕಪ್ಪು ನೂಲಿನ ತೋಡ ಕಸೂತಿ ಶಾಲು ಕೊಳ್ಳಿ, 2013ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ತೋಡ ಹೆಂಗಸರ ಕೈಯಿಂದಲೇ ಕೊಂಡರೆ ನಕಲಿಯ ಭಯವಿಲ್ಲ.

ಕನ್ನಡದಲ್ಲಿ ನಡೆಯುತ್ತಾ?

ಚೆನ್ನಾಗಿ ನಡೆಯುತ್ತದೆ. ನೀಲಗಿರಿಯ ಹಳ್ಳಿಗಳಲ್ಲಿರುವ ಬಡಗರ ಮಾತು ನಿಧಾನವಾಗಿ ಕೇಳಿದರೆ ನಮಗೆ ಅರ್ಥವಾಗುತ್ತದೆ, ನಮ್ಮದು ಅವರಿಗೆ ಇನ್ನೂ ಬೇಗ. ಮಾರ್ಗದರ್ಶಿ ಜೊತೆ ತಮಿಳು ಬಂದರೆ ಒಳ್ಳೆಯದು.

ಇಷ್ಟೆಲ್ಲ ನಿಯಮ ಯಾಕೆ? ಕಾಡು ನೋಡಲು ಬಿಟ್ಟರೆ ಏನಾಗುತ್ತದೆ?

ಈ ಪ್ರಶ್ನೆ ಸ್ವಲ್ಪ ಸಿಟ್ಟಿನಿಂದಲೇ ಬರುತ್ತದೆ. ನೀರಿನ ದಾರಿ ಹಿಡಿದು ಹೇಳುತ್ತೇನೆ. ಮುಕುರ್ತಿ ಶಿಖರದ ಕೆಳಗೆ ಹುಟ್ಟುವುದು ಪೈಕಾರ. ಅದು ಕೆಳಗಿಳಿದು ಮೋಯಾರ್ ಆಗುತ್ತದೆ, ಬಂಡೀಪುರದ ಅಂಚು ಹಿಡಿದು ಆಳದ ಕಮರಿಗೆ ಬಿದ್ದು ತೆಂಗುಮರಹಾಡ ದಾಟಿ ಭವಾನಿಸಾಗರಕ್ಕೆ ಬರುತ್ತದೆ. ಭವಾನಿಯೂ ಇದೇ ಬೆಟ್ಟದಲ್ಲಿ ಹುಟ್ಟಿ, ಕೇರಳದಲ್ಲಿ ಒಂದು ಸುತ್ತು ಹಾಕಿ ಅದೇ ಅಣೆಕಟ್ಟಿಗೆ ಬರುತ್ತದೆ. ಪಾರ್ಸನ್ಸ್ ವ್ಯಾಲಿಯ ನೀರು ಊಟಿ ಪೇಟೆಯ ನಲ್ಲಿಗೆ ಹೋಗುತ್ತದೆ. ದಿಂಬಂ ಇಳಿದು ಸತ್ಯಮಂಗಲಕ್ಕೆ ಹೋಗುವಾಗ ನಾವು ನೋಡುವ ಬಾಳೆ, ಅರಿಶಿನ, ಭತ್ತದ ಗದ್ದೆ ಎಲ್ಲ ಈ ನೀರಿನವೇ.

ಮೇಲೆ ಹುಲ್ಲಿನ ಬೇರು ಮತ್ತು ಕಪ್ಪು ಮಣ್ಣು ಮಳೆಗಾಲದ ನೀರನ್ನು ಹಿಡಿದಿಟ್ಟು ಮಾರ್ಚ್, ಏಪ್ರಿಲ್‌ವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆ ಜೌಗಿನ ಮೇಲೆ ಒಂದೇ ಕಡೆ ಸಾವಿರ ಶೂ ನಡೆದರೆ ಮಣ್ಣು ಗಟ್ಟಿಯಾಗುತ್ತದೆ, ಕಾಲುದಾರಿ ಚರಂಡಿಯಾಗುತ್ತದೆ, ಮುಂದಿನ ಮಳೆಗೆ ಕೊರಕಲು. ಒಂದು ಸಿಗರೇಟಿಗೆ ಇಡೀ ಗುಡ್ಡ ಉರಿಯುತ್ತದೆ. ದಿನಕ್ಕೆ ಕೆಲವೇ ಜನರನ್ನು ಬಿಡುವುದು ಸರಿ ಅನ್ನುವುದು ನನ್ನ ಅಭಿಪ್ರಾಯ. ಇನ್ನೂ ಕಡಿಮೆ ಮಾಡಿದರೂ ನನಗೆ ಬೇಜಾರಿಲ್ಲ.

ಅಪ್ಪ ಅಮ್ಮನಿಗೆ ಮಂಡಿ ನೋವು. ಚಿಕ್ಕ ಮಕ್ಕಳೂ ಇದ್ದಾರೆ.

ಮುಕುರ್ತಿ ಚಾರಣ ಬೇಡ. ಅವಲಾಂಚಿ ಗಾಡಿಯಲ್ಲಿ ಕೂರಿಸಿ, ದೊಡ್ಡಬೆಟ್ಟ ತೋರಿಸಿ. ಎತ್ತರದ ಚಳಿಗೆ ಉಬ್ಬಸ ಇರುವವರು ಔಷಧಿ ಕೈಯಲ್ಲೇ ಇಟ್ಟುಕೊಳ್ಳಲಿ. ಮಕ್ಕಳಿಗೆ ಲಾಂಗ್‌ವುಡ್ ಚೆನ್ನ, ಕೆಂದಳಿಲು ಸಿಕ್ಕರೆ ಅಲ್ಲಿಂದ ಎಳೆದು ತರಬೇಕಾಗುತ್ತದೆ.

ಇಷ್ಟು ದೂರ ಹೋಗಬೇಕಾ? ಹತ್ತಿರದಲ್ಲಿ ಶೋಲಾ ಇಲ್ವಾ?

ಇದೆ. ತಾಳವಾಡಿಯವರ ಬೆನ್ನ ಹಿಂದೆಯೇ ಬಿಳಿಗಿರಿರಂಗನ ಬೆಟ್ಟ. ಅದರ ಮೇಲಿನ ಎತ್ತರಗಳಲ್ಲಿ ಶೋಲಾ ತುಂಡುಗಳೂ ಹುಲ್ಲೂ ಇವೆ. ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿಯಲ್ಲೂ ಇದೇ ಹುಲ್ಲು, ಇದೇ ಮಡಿಕೆ ಕಾಡು. ಕಾಸರಗೋಡಿನವರಿಗೆ ಕುದುರೆಮುಖವೇ ಲೇಸು. ಥಾರ್ ಇಲ್ಲ, ನೀಲಗಿರಿ ಲಾಫಿಂಗ್ ಥ್ರಷ್ ಇಲ್ಲ ಅನ್ನುವುದು ಬಿಟ್ಟರೆ ಕೊರತೆ ಏನಿಲ್ಲ. ಅಲ್ಲಿಯೂ ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಬೇಕು, ವಾರಾಂತ್ಯ ಬೇಗ ತುಂಬಿಹೋಗುತ್ತದೆ.